45 ಸಾವಿರದ ಗೇಮಿಂಗ್ ಪಿಸಿ, ಆದರೂ ಆಟ ತಡೆದು ತಡೆದು ಓಡುತ್ತಿದೆ. ಯಾವ ಪಾರ್ಟ್ ಬದಲಿಸಲಿ?

ಬೆಣ್ಣೆದೋಸೆ ಗೇಮರ್ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಮನೆಯಲ್ಲಿ ಕಾಡಿ ಬೇಡಿ 45 ಸಾವಿರ ಹೊಂದಿಸಿ ಪಿಸಿ ಕಟ್ಟಿಸಿದೆ. ರೈಜನ್ 5 ಪ್ರೊಸೆಸರ್, 16 ಜಿಬಿ ರ‍್ಯಾಮ್, ರೇಡಿಯಾನ್ ಗ್ರಾಫಿಕ್ಸ್ ಕಾರ್ಡ್. ವ್ಯಾಲರಂಟ್ ಸಲೀಸಾಗಿ ಓಡುತ್ತದೆ. ಸೈಬರ್‌ಪಂಕ್ 2077 ಹಾಕಿದರೆ ಮಾತ್ರ ಮುಗಿಯಿತು. ಸುಮ್ನೆ ನಿಂತರೆ 50 ಎಫ್‌ಪಿಎಸ್ (ಸೆಕೆಂಡಿಗೆ 50 ಚಿತ್ರ) ತೋರಿಸುತ್ತದೆ. ಗಾಡಿ ಹತ್ತಿ ಒಂದು ತಿರುವು ತೆಗೆದುಕೊಂಡೆನೋ ಇಲ್ಲವೋ, ಚಿತ್ರ ಗಕ್ಕನೆ ನಿಲ್ಲುತ್ತದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ವಿಂಡೋಸನ್ನೂ ಹೊಸದಾಗಿ ಹಾಕಿದೆ. ಅಂಗಡಿಯವರು ‘ಆಟದ್ದೇ ದೋಷ’ ಅಂತ ಕೈ ತೊಳೆದುಕೊಂಡರು. ಇನ್ನೊಂದು 10 ಸಾವಿರ ಹಾಕಬಲ್ಲೆ. ಪ್ರೊಸೆಸರ್ ಬದಲಿಸಲಾ, ರ‍್ಯಾಮ್ 32 ಮಾಡಲಾ?

ವೋಲ್ಟೇಜ್ ವೀರ (ಶಿವಮೊಗ್ಗ)
ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಭಾಗ) ಯಾವುದು ಅಂತ ಬರೆದೇ ಇಲ್ಲ. ನನ್ನ ಅನುಮಾನ ಅಲ್ಲೇ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಾ ಎಸ್‌ಎಂಪಿಎಸ್ ಹಾಕಿರುತ್ತಾರೆ. ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್ ಇರುತ್ತದೆ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಅಂತ ಓದಿ ನೋಡಿ, ಗೊತ್ತಾಗುತ್ತದೆ. ಮೊದಲು ಅದನ್ನು ಬದಲಿಸಿ.

ಬೆಣ್ಣೆದೋಸೆ ಗೇಮರ್
ಎಸ್‌ಎಂಪಿಎಸ್ ಒಳ್ಳೆಯದೇ ಸರ್. 450 ವ್ಯಾಟ್, 80 ಪ್ಲಸ್ ಬ್ರಾಂಜ್. ಡಬ್ಬಿ ಒಡೆದದ್ದೇ ನಾನು.

ವೋಲ್ಟೇಜ್ ವೀರ
ಬ್ರಾಂಜ್ ಅಂದರೆ ಕರೆಂಟು ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಅಷ್ಟೇ, ಒಳಗಿನ ಮಾಲು ಗಟ್ಟಿ ಅಂತ ಅಲ್ಲ. ಯುಪಿಎಸ್ ಇದೆಯಾ? ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ಏರಿಳಿತ ಜಾಸ್ತಿ. ನಾನು 750 ವ್ಯಾಟ್ ಗೋಲ್ಡ್ ಹಾಕಿದ್ದೇನೆ, ಜೊತೆಗೆ ಪ್ಯೂರ್ ಸೈನ್ ವೇವ್ ಯುಪಿಎಸ್. ಅವತ್ತಿನಿಂದ ಒಂದು ತೊಂದರೆಯೂ ಇಲ್ಲ.

ಎಸ್‌ಪಿ ರೋಡ್ ಸುತ್ತಾಟ (ಬೆಂಗಳೂರು)
ವೀರಣ್ಣ, ಪವರ್ ಸಾಲದಿದ್ದರೆ ಪಿಸಿ ಧಡಕ್ಕನೆ ಆಫ್ ಆಗುತ್ತದೆ, ಇಲ್ಲ ರೀಸ್ಟಾರ್ಟ್ ಆಗುತ್ತದೆ. ತಿರುವಿನಲ್ಲಿ ಮಾತ್ರ ತಡೆದು ಮತ್ತೆ ಓಡಲ್ಲ. ದಾವಣಗೆರೆಯವರೇ, ‘ರೈಜನ್ 5’ ಅಂದರೆ ಹತ್ತಾರು ಮಾಡೆಲ್ ಇವೆ. ರೇಡಿಯಾನ್ ಕಾರ್ಡೂ ಹಾಗೇ. ಪೂರ್ತಿ ಹೆಸರು, ಮದರ್‌ಬೋರ್ಡ್, ರ‍್ಯಾಮ್ ಒಂದು ಕಡ್ಡಿಯೋ ಎರಡೋ, ಎಲ್ಲ ಬರೆಯಿರಿ.

ಹಳೇ ಕಾರ್ಡ್ ಪ್ರೇಮಿ (ಮೈಸೂರು)
ಯಾವುದೇ ಇರಲಿ, ಮಾರಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8 ಜಿಬಿ ತಗೊಳ್ಳಿ. ಕಡಿಮೆ ದುಡ್ಡಿಗೆ ಅದಕ್ಕೆ ಸರಿಸಾಟಿ ಇಲ್ಲ. ನನ್ನದು ಇವತ್ತಿಗೂ ಓಡುತ್ತಿದೆ.

ಬೆಣ್ಣೆದೋಸೆ ಗೇಮರ್
ರೈಜನ್ 5 5600ಜಿ. ಬಿ450 ಬೋರ್ಡ್. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ, 3200 ಅಂತ ಬರೆದಿದೆ. ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ. ಆಟದಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಹೈ ಇಟ್ಟಿದ್ದೇನೆ, 1080ಪಿ.

ಎಸ್‌ಪಿ ರೋಡ್ ಸುತ್ತಾಟ
ಇದನ್ನೇ ಕೇಳುತ್ತಿದ್ದೆ ನೋಡಿ. 2022ರಲ್ಲಿ ಬಂದ ಈ ಕಾರ್ಡಿಗೆ ಪಿಸಿಐ ಎಕ್ಸ್‌ಪ್ರೆಸ್ ಲೇನ್ (ಕಾರ್ಡಿಗೂ ಉಳಿದ ಪಿಸಿಗೂ ನಡುವೆ ಡೇಟಾ ಸಾಗುವ ದಾರಿ) ಇರುವುದು ನಾಲ್ಕೇ. ಪಿಸಿಐ ಎಕ್ಸ್‌ಪ್ರೆಸ್‌ನ 4.0 ಆವೃತ್ತಿ ಇರುವ ಬೋರ್ಡಿನಲ್ಲಿ ಆ ನಾಲ್ಕು ಲೇನಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ. 3.0 ಆದರೆ ಅದರ ಅರ್ಧ. ಕಾರ್ಡಿನ 4 ಜಿಬಿ ತುಂಬುವವರೆಗೆ ಇದು ಅಷ್ಟಾಗಿ ತಿಳಿಯಲ್ಲ. ತುಂಬಿದ ಮೇಲೆ ಉಳಿದ ಟೆಕ್ಸ್‌ಚರ್ ಎಲ್ಲ ರ‍್ಯಾಮಿಗೆ ಹೋಗಿ ಕೂರುತ್ತದೆ, ಗಾಡಿ ತಿರುಗಿಸಿದಾಗಲೆಲ್ಲ ಅದೇ ಕಿರಿದಾದ ದಾರಿಯಲ್ಲಿ ವಾಪಸ್ ಬರಬೇಕು. ನಿಮ್ಮ ರ‍್ಯಾಮ್ ಬೇರೆ ಒಂದೇ ಕಡ್ಡಿ. ವ್ಯಾಲರಂಟ್‌ಗೆ ಅಷ್ಟು ಮೆಮೊರಿ ಬೇಡ, ಅದಕ್ಕೇ ಸರಾಗ.
ಹೀಗೆ ನೋಡಿ: ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆದು ಬಸ್ ಇಂಟರ್‌ಫೇಸ್ ಸಾಲಿನ ಕೊನೆಯಲ್ಲಿ ಏನಿದೆ ಓದಿ. ಆಮೇಲೆ ಆಟ ಓಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ ತೆರೆದು ಡೆಡಿಕೇಟೆಡ್ ಮೆಮೊರಿ (ಕಾರ್ಡಿನ ಸ್ವಂತ ಮೆಮೊರಿ) ಎಷ್ಟು ಅಂತ ಗಮನಿಸಿ. ಸಿಪಿಯು-ಝಡ್‌ನಲ್ಲಿ ರ‍್ಯಾಮ್ ವೇಗವನ್ನೂ ನೋಡಿ. ಅಲ್ಲಿ ಅರ್ಧ ಲೆಕ್ಕ ತೋರಿಸುತ್ತದೆ, 3200 ಇದ್ದರೆ 1600 ಬರಬೇಕು.

ಮಲೆನಾಡ್ ಮಾಡ್ಸ್ (ಸಾಗರ)
ಹಾಗಾದರೆ ಬಿ550 ಬೋರ್ಡ್ ಹಾಕಿದರೆ ಆಯಿತಲ್ವಾ? ಅದರಲ್ಲಿ 4.0 ಇದೆ.

ಎಸ್‌ಪಿ ರೋಡ್ ಸುತ್ತಾಟ
ಆಗಲ್ಲ. 5600ಜಿ ಪ್ರೊಸೆಸರೇ 3.0. ಬೋರ್ಡ್ ಯಾವುದು ಹಾಕಿದರೂ ಅಷ್ಟೇ. ‘ಜಿ’ ಇಲ್ಲದ 5600 ಮತ್ತು ಬಿ550 ಎರಡೂ ಇದ್ದರೆ ಮಾತ್ರ 4.0 ಸಿಗುತ್ತದೆ. ಎರಡನ್ನೂ ಬದಲಿಸಿ ಮತ್ತೆ ಅದೇ 4 ಜಿಬಿ ಕಾರ್ಡ್ ಇಟ್ಟುಕೊಳ್ಳುವುದು ದುಡ್ಡು ದಂಡ.

ವೋಲ್ಟೇಜ್ ವೀರ
ಲೇನ್ ಲೆಕ್ಕ ಎಲ್ಲ ಸರಿ. ಆದರೂ ಒಮ್ಮೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದರಲ್ಲಿ ನಷ್ಟ ಏನಿದೆ? ಪಕ್ಕದ ಮನೆಯವರದ್ದು ಕೇಳಿ ತಂದು ನೋಡಿ.

ಹಳೇ ಕಾರ್ಡ್ ಪ್ರೇಮಿ
580ಕ್ಕೆ 16 ಲೇನ್ ಪೂರ್ತಿ ಇದೆ. 3.0 ಬೋರ್ಡಿಗೆ ಹೇಳಿ ಮಾಡಿಸಿದ್ದು. 8 ಜಿಬಿ ಮೆಮೊರಿ. ಇದಕ್ಕಿಂತ ಇನ್ನೇನು ಬೇಕು?

ಮಲೆನಾಡ್ ಮಾಡ್ಸ್
ಕ್ರಿಪ್ಟೊ ಮೈನಿಂಗ್‌ನಲ್ಲಿ ಹಗಲು ರಾತ್ರಿ ಬೆಂದ ಕಾರ್ಡುಗಳವು. ಮೇಲಾಗಿ ‘2048ಎಸ್‌ಪಿ’ ಅನ್ನುವ ಇನ್ನೊಂದು ತಳಿ 580 ಹೆಸರಿನಲ್ಲೇ ಮಾರಾಟವಾಗುತ್ತದೆ. ಅಸಲಿ 580ರಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) ಇರಬೇಕು. ಹೊಸಬರಿಗೆ ಇದನ್ನು ಹೇಳದೆ ‘ತಗೊಳ್ಳಿ’ ಅನ್ನಬೇಡಿ.

ಹಳೇ ಕಾರ್ಡ್ ಪ್ರೇಮಿ
ಮೈನಿಂಗ್ ಕಾರ್ಡ್ ಎಲ್ಲ ಕೆಟ್ಟದ್ದು ಅನ್ನುವುದನ್ನು ನಾನು ಒಪ್ಪಲ್ಲ. ಫ್ಯಾನ್ ಬದಲಿಸಿ, ಥರ್ಮಲ್ ಪೇಸ್ಟ್ ಹೊಸದು ಹಚ್ಚಿದರೆ ವರ್ಷಗಟ್ಟಲೆ ಬರುತ್ತದೆ. ಶೇಡರ್ ಎಷ್ಟು ಅಂತ ಕೊಳ್ಳುವ ಮೊದಲು ಜಿಪಿಯು-ಝಡ್‌ನಲ್ಲೇ ನೋಡಬಹುದು.

ಬೆಣ್ಣೆದೋಸೆ ಗೇಮರ್
ನೋಡಿದೆ ಸರ್. ಬಸ್ ಇಂಟರ್‌ಫೇಸ್ ಸಾಲಿನ ಕೊನೆಯಲ್ಲಿ ‘ಎಕ್ಸ್4 3.0’ ಅಂತ ಇದೆ. ಆಟದಲ್ಲಿ ಡೆಡಿಕೇಟೆಡ್ ಮೆಮೊರಿ 3.9ಕ್ಕೆ ಹೋಗಿ ನಿಲ್ಲುತ್ತದೆ, ಅದರ ಕೆಳಗಿನ ಶೇರ್ಡ್ ಮೆಮೊರಿಯ (ರ‍್ಯಾಮಿನಿಂದ ಎರವಲು ಪಡೆದದ್ದು) ಗೆರೆ ಮೇಲೇರುತ್ತದೆ. ಗೆರೆ ಜಿಗಿದ ಹೊತ್ತಿಗೇ ಚಿತ್ರ ನಿಲ್ಲುವುದು! ರ‍್ಯಾಮ್ ವೇಗ 1200ರ ಹತ್ತಿರ ತೋರಿಸುತ್ತಿದೆ.

ಎಸ್‌ಪಿ ರೋಡ್ ಸುತ್ತಾಟ
ಸಿಕ್ಕಿತು. ರ‍್ಯಾಮ್ 2400ರಲ್ಲೇ ಓಡುತ್ತಿದೆ, ಕಟ್ಟಿಕೊಟ್ಟವರು ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿಲ್ಲ. ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಆನ್ ಮಾಡಿ. ಕೆಲವು ಬೋರ್ಡಿನಲ್ಲಿ ಅದಕ್ಕೆ ಡಿಒಸಿಪಿ ಅಂತ ಹೆಸರು. ಟೆಕ್ಸ್‌ಚರ್ ಮೀಡಿಯಂಗೆ ಇಳಿಸಿ. ಇವೆರಡಕ್ಕೂ ಕಾಸು ಬೇಡ, ಇವತ್ತೇ ಮಾಡಿ ನೋಡಿ.
ನಂತರ ಕಾರ್ಡ್ ಬದಲಿಸಿ. 6500 ಎಕ್ಸ್‌ಟಿ ಮಾರಿದ ದುಡ್ಡಿಗೆ ನಿಮ್ಮ 10 ಸಾವಿರ ಸೇರಿಸಿ ಆರ್‌ಎಕ್ಸ್ 6600 ಹುಡುಕಿ, ಬಿಲ್ಲು ವಾರಂಟಿ ಉಳಿದಿರುವ ಸೆಕೆಂಡ್ ಹ್ಯಾಂಡ್ ಆದರೂ ಆದೀತು. 8 ಜಿಬಿ, ಎಂಟು ಲೇನ್. 3.0ರಲ್ಲಿ ಅದಕ್ಕೆ ಹೆಚ್ಚೇನೂ ಪೆಟ್ಟು ಬೀಳಲ್ಲ. 132 ವ್ಯಾಟ್ ಕಾರ್ಡ್, ನಿಮ್ಮ ಎಸ್‌ಎಂಪಿಎಸ್ ಧಾರಾಳವಾಗಿ ಸಾಕು. ಪ್ರೊಸೆಸರ್ ಮುಟ್ಟಬೇಡಿ. ಆಮೇಲೆ ಯಾವಾಗಲಾದರೂ ಇನ್ನೊಂದು 16 ಜಿಬಿ ಕಡ್ಡಿ ಸೇರಿಸಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ.

ಬೆಣ್ಣೆದೋಸೆ ಗೇಮರ್
ಎಕ್ಸ್‌ಎಂಪಿ ಆನ್, ಟೆಕ್ಸ್‌ಚರ್ ಮೀಡಿಯಂ. ತಿರುವಿನಲ್ಲಿ ನಿಲ್ಲುವುದು ಬಹುತೇಕ ಹೋಯಿತು, ಮಾರುಕಟ್ಟೆಯ ಜಾಗದಲ್ಲಿ ಮಾತ್ರ ಸ್ವಲ್ಪ ತಡೆಯುತ್ತದೆ. ತುಂಬಾ ಧನ್ಯವಾದ ಸರ್. ಇನ್ನೊಂದು ಪ್ರಶ್ನೆ. ಯೂಟ್ಯೂಬ್‌ಗೆ ಆಟ ರೆಕಾರ್ಡ್ ಮಾಡಬೇಕು, ಒಬಿಎಸ್ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಈ ಕಾರ್ಡಿನ ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಭಾಗ) ಹುಡುಕಿದರೆ ಸಿಗುತ್ತಿಲ್ಲ.

ಮಲೆನಾಡ್ ಮಾಡ್ಸ್
6500 ಎಕ್ಸ್‌ಟಿಯಲ್ಲಿ ಎನ್‌ಕೋಡರ್ ಇಲ್ಲವೇ ಇಲ್ಲ. ಆದರೆ 5600ಜಿ ಒಳಗಿನ ವೇಗಾ ಗ್ರಾಫಿಕ್ಸ್‌ನಲ್ಲಿ ಇದೆ. ಬಯೋಸ್‌ನಲ್ಲಿ ಅದನ್ನೂ ಚಾಲೂ ಇಟ್ಟು ನೋಡಿ. ನಾನು ಮೂರು ಮಾನಿಟರ್ ಇಟ್ಟು ಒಂದರಲ್ಲಿ ಆಟ, ಒಂದರಲ್ಲಿ ಒಬಿಎಸ್, ಒಂದರಲ್ಲಿ ಚಾಟ್ ನೋಡುತ್ತೇನೆ, ಫೋಟೊ ಬೇಕಾದರೆ ಹಾಕುತ್ತೇನೆ.

ಹುಬ್ಬಳ್ಳಿ ಹೊಸಬ
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು ಐ3 12100ಎಫ್. ಕಾರ್ಡ್ ಇನ್ನೂ ಬಂದಿಲ್ಲ, ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಜೋಡಿಸಿದರೆ ಕಪ್ಪು ಪರದೆ. ಬೋರ್ಡ್ ಹೋಗಿದೆಯಾ?

ವೋಲ್ಟೇಜ್ ವೀರ
ಎಸ್‌ಎಂಪಿಎಸ್ ಯಾವುದು?

ಎಸ್‌ಪಿ ರೋಡ್ ಸುತ್ತಾಟ
ಬೋರ್ಡ್ ಸರಿಯಾಗೇ ಇರಬೇಕು. ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರಲ್ಲ, ಬೋರ್ಡಿನ ಎಚ್‌ಡಿಎಂಐನಲ್ಲಿ ಏನೂ ಬರಲ್ಲ. ಕಾರ್ಡ್ ಬರಲಿ, ಕೇಬಲ್ ಕಾರ್ಡಿಗೇ ಜೋಡಿಸಿ. ಆಗಲೂ ಬರದಿದ್ದರೆ ಹೊಸ ಥ್ರೆಡ್ ಹಾಕಿ. ಪಾರ್ಟುಗಳ ಪೂರ್ತಿ ಹೆಸರು ಮೊದಲ ಪೋಸ್ಟಿನಲ್ಲೇ ಇರಲಿ.