ಗೆಳೆಯರ ಎಂಗೇಜ್‌ಮೆಂಟ್ ಊಟಕ್ಕೆ ಎತ್ತಿಟ್ಟ ವೈನ್ ತೆಗೆಯೋದಾ, ಬೇಡ್ವಾ?

ದ್ರಾಕ್ಷಿಗೊಂಚಲು:
ಕಾಲೇಜಿನಿಂದಲೂ ಜೊತೆಗಿರುವ ಇಬ್ಬರು ಗೆಳೆಯರಿಗೆ ಎಂಗೇಜ್‌ಮೆಂಟ್ ಆಗಿದೆ. ಶನಿವಾರ ನಮ್ಮ ಮನೆಯಲ್ಲಿ ಊಟ. ಒಟ್ಟು ಎಂಟು ಜನ, ಅದರಲ್ಲಿ ಒಬ್ಬರು ಕುಡಿಯುವುದಿಲ್ಲ. ಬಹಳ ದಿನದಿಂದ ಎತ್ತಿಟ್ಟ ಮೂರು ಬಾಟಲಿ ನನ್ನ ಹತ್ತಿರ ಇವೆ: 2008ರ ಶಾಂಪೇನ್, 2006ರ ಬರೋಲೋ (ಇಟಲಿಯ ಕೆಂಪು ವೈನ್), ಮತ್ತೆ 375 ಮಿಲಿಯ ಒಂದು ಪುಟ್ಟ ಸೋಟರ್ನ್ (ಫ್ರಾನ್ಸಿನ ಸಿಹಿ ವೈನ್). ಮೂರನ್ನೂ ತೆಗೆಯುವ ಮನಸ್ಸಿದೆ. ಆದರೆ ಬರುವವರಲ್ಲಿ ನಾಲ್ಕು ಜನಕ್ಕೆ ವೈನ್ ಅಂದರೆ ಕೆಂಪು ಇಲ್ಲಾ ಬಿಳಿ, ಅಷ್ಟೇ. ಮದುವೆ ಆಗುವ ಹುಡುಗನೂ ಆ ಗುಂಪೇ, ಹುಡುಗಿಗೆ ಮಾತ್ರ ವೈನ್ ಹುಚ್ಚು. ನೀರಿನ ಹಾಗೆ ಗಟಗಟ ಕುಡಿದುಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದೊಂದೇ ಬಾಟಲಿ ಏಳು ಜನಕ್ಕೆ ಸಾಲುತ್ತದಾ? ಬರೋಲೋ ಎಷ್ಟು ಹೊತ್ತು ಮುಂಚೆ ತೆಗೆಯಬೇಕು?

ಹಳೇ ಕಾರ್ಕ್:
ಸಾಲುತ್ತದೆ ಮಾರಾಯ್ರೆ. 750 ಮಿಲಿ ಏಳು ಜನಕ್ಕೆ ಹಂಚಿದರೆ ತಲೆಗೆ ನೂರು ಮಿಲಿ ಮೇಲೇ ಬರುತ್ತದೆ. ಸೋಟರ್ನ್ 50 ಮಿಲಿ ಸಿಕ್ಕರೆ ಬೇಕಾದಷ್ಟಾಯಿತು, ಅಷ್ಟು ಸಿಹಿ ಅದು. ಜೊತೆಗೆ ದಿನನಿತ್ಯದ ವೈನ್ ಎರಡು ಮೂರು ಬಾಟಲಿ ಇಟ್ಟುಕೊಳ್ಳಿ, ಗಟಗಟ ಕುಡಿಯುವವರು ಅದನ್ನು ಕುಡಿಯುತ್ತಾರೆ, ನಿಮ್ಮ ಹೊಟ್ಟೆಯೂ ತಣ್ಣಗಿರುತ್ತದೆ.

ಬರೋಲೋ ಬಾಟಲಿಯನ್ನು ಗುರುವಾರವೇ ನೆಟ್ಟಗೆ ನಿಲ್ಲಿಸಿ. ಇಷ್ಟು ವರ್ಷ ಮಲಗಿಸಿಟ್ಟ ಕೆಂಪು ವೈನಿನಲ್ಲಿ ಗಸಿ ಇದ್ದೇ ಇರುತ್ತದೆ, ಅದು ತಳಕ್ಕೆ ಇಳಿಯಲಿ. ಊಟಕ್ಕೆ ಒಂದೆರಡು ಗಂಟೆ ಮುಂಚೆ ತೆಗೆದು, ಬಾಟಲಿಯ ಕುತ್ತಿಗೆ ಹಿಂದೆ ಮೊಬೈಲ್ ಲೈಟ್ ಹಿಡಿದು ಡಿಕಾಂಟರ್‌ಗೆ, ಅಂದರೆ ವೈನ್ ಬಗ್ಗಿಸಿಡುವ ಗಾಜಿನ ಹೂಜಿಗೆ, ನಿಧಾನವಾಗಿ ಬಗ್ಗಿಸಿ. ಗಸಿ ಕುತ್ತಿಗೆಗೆ ಬರುವುದು ಕಂಡ ತಕ್ಷಣ ನಿಲ್ಲಿಸಿಬಿಡಿ. ಶಾಂಪೇನನ್ನು ಉದ್ದನೆಯ ಕಿರಿದಾದ ಗ್ಲಾಸಿಗೆ ಹಾಕಬೇಡಿ. ವಯಸ್ಸಾದ ಶಾಂಪೇನಿನ ಪರಿಮಳ ಅದರಲ್ಲಿ ಉಸಿರುಕಟ್ಟುತ್ತದೆ, ಬಿಳಿ ವೈನಿನ ಗ್ಲಾಸೇ ವಾಸಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟರೆ ಇನ್ನೂ ಚೆಂದ.

ಮೂಲೆಮೇಜು:
ಎರಡು ಗಂಟೆ ಮುಂಚೆ ಅಂತ ಕಣ್ಣು ಮುಚ್ಚಿ ಹೇಳಬೇಡಿ. ಒಂದು ಬಾಟಲಿ ಇದ್ದ ಹಾಗೆ ಇನ್ನೊಂದು ಇರಲ್ಲ. ಮೊದಲು ತೆಗೆದು ಒಂದು ಗುಟುಕು ರುಚಿ ನೋಡಿ. ಬಾಯಿ ಒಗರು ಹಿಡಿಯುವಷ್ಟು ಬಿಗಿಯಾಗಿದ್ದರೆ ಡಿಕಾಂಟರ್‌ನಲ್ಲಿ ಬಿಡಿ, ಆಗಲೇ ಮೆತ್ತಗಾಗಿದ್ದರೆ ಬಡಿಸುವಾಗ ಬಗ್ಗಿಸಿದರೆ ಸಾಕು.

ಮುಂಚೆ ತೆಗೆಯಲೇಬೇಕು ಅನ್ನುವುದಕ್ಕೆ ನನ್ನ ಹತ್ತಿರ ಬೇರೆ ಕಾರಣ ಇದೆ. ಅಕ್ಕನ ಎಂಗೇಜ್‌ಮೆಂಟ್ ಊಟಕ್ಕೆ ನಾನು ಜೋಪಾನ ಮಾಡಿಟ್ಟ ಬಾಟಲಿ ತಗೊಂಡು ಹೋಗಿದ್ದೆ. ಯಾವ ಊರಿನ ದ್ರಾಕ್ಷಿ, ಆ ವರ್ಷ ಮಳೆ ಹೇಗಿತ್ತು, ಎಲ್ಲಾ ಹತ್ತು ನಿಮಿಷ ಭಾಷಣ ಬಿಗಿದು ಆಮೇಲೆ ಕಾರ್ಕ್ ಎಳೆದೆ. ಒದ್ದೆ ರಟ್ಟಿನ ವಾಸನೆ! ಕಾರ್ಕಿನಿಂದ ಬರುವ ದೋಷ ಅದು, ಬಾಟಲಿ ದುಬಾರಿ ಅಂತ ಬಿಡಲ್ಲ, ಗಾಳಿಗೆ ಇಟ್ಟರೂ ಹೋಗಲ್ಲ. ಪಾಪ ಭಾವ ಮಾತ್ರ "ಚೆನ್ನಾಗಿದೆ" ಅಂತ ಇಡೀ ಗ್ಲಾಸ್ ಕುಡಿದರು. ಆದ್ದರಿಂದ ಮುಂಚೆ ಮೂಸಿ ನೋಡಿ, ಬದಲಿ ಬಾಟಲಿ ಇಟ್ಟುಕೊಳ್ಳಿ. ಭಾಷಣ ಯಾರಾದರೂ ಕೇಳಿದರೆ ಮಾತ್ರ.

ಸುಮ್ನೆ ಓದುಗ:
ಗೊತ್ತಿಲ್ಲದವರಿಗೆ ಹಾಕಿದರೆ ದಂಡ ಅನ್ನೋ ಮಾತು ನನಗೆ ಹಿಡಿಸಲಿಲ್ಲ. ಹುಡುಗಿಗೆ ಇಷ್ಟ ಅಂತ ನೀವೇ ಹೇಳಿದ್ದೀರಲ್ಲ, ಊಟ ಇರೋದೂ ಅವರಿಬ್ಬರಿಗೇ. ಮೊದಲ ಗ್ಲಾಸ್ ಅವರಿಗೆ ಹಾಕಿ, ಉಳಿದವರಿಗೆ ಸ್ವಲ್ಪ ಸ್ವಲ್ಪ ಹಾಕಿ, ಬೇಕು ಅಂದವರಿಗೆ ಇನ್ನೊಂದು ಸಲ. ಕುಡಿಯದವರಿಗೂ ಅದೇ ಥರದ ಗ್ಲಾಸಿನಲ್ಲಿ ಏನಾದರೂ ಒಳ್ಳೇದು ಕೊಡಿ, ಚಿಯರ್ಸ್ ಹೇಳುವಾಗ ನೀರಿನ ಲೋಟ ಹಿಡಿದು ನಿಲ್ಲೋದು ಬೇಜಾರು, ನಾನೇ ನಿಂತಿದ್ದೇನೆ.

ದ್ರಾಕ್ಷಿಗೊಂಚಲು:
ಊಟ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಬರೋಲೋ ಕಾರ್ಕ್ ಅರ್ಧಕ್ಕೇ ಮುರಿದು ಉಳಿದದ್ದು ಒಳಗೆ ಬಿತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿದೆ, ಯಾರಿಗೂ ಹೇಳಲಿಲ್ಲ. ರುಚಿ ನೋಡಿದರೆ ಇನ್ನೂ ಒಗರಿತ್ತು, ಒಂದೂವರೆ ಗಂಟೆ ಬಿಟ್ಟ ಮೇಲೆ ದಾರಿಗೆ ಬಂತು. ಶಾಂಪೇನ್ ಹತ್ತು ನಿಮಿಷದಲ್ಲಿ ಖಾಲಿ. ಹೊಟ್ಟೆ ಉರಿಯುತ್ತದೆ ಅಂದುಕೊಂಡಿದ್ದೆ, ಆ ಗಲಾಟೆಯಲ್ಲಿ ನೆನಪೇ ಆಗಲಿಲ್ಲ.

ಎಲ್ಲರಿಗೂ ಹಿಡಿಸಿದ್ದು ಮಾತ್ರ ಸೋಟರ್ನ್. ಹುಡುಗ "ಇದಕ್ಕೆ ಜೇನು ಹಾಕ್ತಾರಾ?" ಅಂತ ಕೇಳಿದ. ಕೇಳಿದ್ದಕ್ಕೇ ಹೇಳಿದ್ದು, ಭಾಷಣ ಅಲ್ಲ: ಜೇನು ಇಲ್ಲ, ದ್ರಾಕ್ಷಿಗೆ ಒಂದು ಜಾತಿ ಬೂಷ್ಟು ಹಿಡಿದು ನೀರಿನ ಅಂಶ ಇಂಗಿ ಸಿಹಿ ಗಟ್ಟಿಯಾಗುತ್ತೆ, ಅದರಿಂದ ಮಾಡ್ತಾರೆ. ಬೂಷ್ಟು ಅಂದಿದ್ದೇ ತಡ ಅವನು ಗ್ಲಾಸ್ ಕೆಳಗಿಟ್ಟ. ಅವಳು ಏನೂ ಮಾತಾಡದೆ ಅದನ್ನೂ ತನ್ನ ಗ್ಲಾಸಿಗೆ ಸುರಿದುಕೊಂಡಳು.