ಶಿರಸಿಯ ಮನೆಯ ಗಿಳಿ: ಅಪ್‌ಡೇಟ್

ಶಿರಸಿ ಹತ್ತಿರದ ನಮ್ಮ ಮಾವನ ಮನೆಯ ಪಂಜರದ ಗಿಳಿಯನ್ನು ಹಾರಿಬಿಡಬೇಕೋ, ಕೊನೆಯವರೆಗೂ ಸಾಕಬೇಕೋ ಎಂದು ಹಿಂದೆ ಕೇಳಿದ್ದೆ. ಎರಡನ್ನೂ ಮಾಡದೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಳಿಗಳನ್ನು ಹಿಡಿಯುವುದಷ್ಟೇ ಅಲ್ಲ, ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವೆಂಬುದನ್ನು ಮಾವ ಒಪ್ಪಲು ಸಮಯ ಹಿಡಿಯಿತು. ಬಂದವರಿಗೆಲ್ಲ “ಆಸರಿಗೆ ಬೇಕಾ” (ಕುಡಿಯಲು ಏನಾದರೂ ಬೇಕಾ) ಎಂದು ಕೇಳುತ್ತಿದ್ದ ಹಕ್ಕಿಗೆ ಇಲ್ಲಿ ಏನು ಕಡಿಮೆಯಾಗಿತ್ತು ಎಂಬುದು ಅವರ ವಾದ.

ಪಶುವೈದ್ಯರು ರೆಕ್ಕೆ ಬಿಡಿಸಿ ತೋರಿಸಿದಾಗ ಉತ್ತರ ಕಂಡಿತು: ಹಾರುಗರಿಗಳೆಲ್ಲ ಕತ್ತರಿಯಿಂದ ಅರ್ಧಕ್ಕೆ ತುಂಡಾಗಿದ್ದವು, ಎದೆಯ ಸ್ನಾಯು ಬಳಕೆಯಿಲ್ಲದೆ ಸೊರಗಿ ನಡುವಿನ ಮೂಳೆ ಬೆರಳಿಗೆ ಚೂಪಾಗಿ ತಗಲುತ್ತಿತ್ತು. ಕತ್ತರಿಸಿದ ಗರಿ ಮತ್ತೆ ಬೆಳೆಯುವುದಿಲ್ಲ. ಅದು ತಾನಾಗಿ ಉದುರಿ ಹೊಸದು ಹುಟ್ಟಬೇಕು. ಹೀಗಿರುವಾಗ “ಬಾಗಿಲು ತೆಗೆದುಬಿಡಿ” ಎಂದ ಹಲವರ ಸಲಹೆ (ಸದುದ್ದೇಶದ್ದೇ ಆದರೂ) ಹಕ್ಕಿಯನ್ನು ಬೆಕ್ಕಿಗೋ ಕಾಗೆಗೋ ಕೊಟ್ಟಂತಾಗುತ್ತಿತ್ತು. ಹಿಂಡಿನಲ್ಲಿ ಬದುಕುವ ಜೀವಿಯನ್ನು ಮರಿಯಾಗಿದ್ದಾಗಲೇ ಮರದ ಪೊಟರೆಯಿಂದ ತಂದಮೇಲೆ, ಅದು ನಮ್ಮ ಮಾತು ಕಲಿತದ್ದನ್ನು ಪ್ರೀತಿಯೆನ್ನುವುದಕ್ಕಿಂತ, ಜೊತೆಗೆ ಬೇರೆ ಗಿಳಿಯಿಲ್ಲದ ಅನಿವಾರ್ಯವೆನ್ನುವುದೇ ಸರಿಯೆಂದು ನನಗನಿಸುತ್ತದೆ. ಹೊಸ ಗರಿ ಬಂದ ಮೇಲೆ ಹಾರಾಟವನ್ನು ಪರೀಕ್ಷಿಸಿ ತೀರ್ಮಾನಿಸುವುದಾಗಿ ಅಧಿಕಾರಿಗಳು ಹೇಳಿದ್ದಾರೆ. ಮನುಷ್ಯರಿಗೆ ತೀರಾ ಒಗ್ಗಿಹೋಗಿದ್ದರೆ ಬಿಡದೆಯೂ ಇರಬಹುದಂತೆ.