ಮಚ್ಚೆ ತೆಗೆಸಿದ ಜಾಗದಲ್ಲಿ ಮತ್ತೆ ಕಪ್ಪು: ನಿಮಗೂ ಹೀಗಾಗಿತ್ತೇ?

ಶಿವಮೊಗ್ಗದಿಂದ ಪ್ರಶ್ನೆ

ನನಗೆ 41 ವರ್ಷ. ಬೆನ್ನಿನ ಮೇಲೆ, ರವಿಕೆಯ ಅಂಚು ಉಜ್ಜುವ ಕಡೆ, ನೆನಪಿರುವಾಗಿನಿಂದ ಒಂದು ಉಬ್ಬಿದ ಮಚ್ಚೆ ಇತ್ತು. ಕಳೆದ ವರ್ಷ ಕೊಂಚ ದಪ್ಪವಾಯಿತು, ಒಮ್ಮೆ ಟವೆಲ್ಲಿಗೆ ಸಿಕ್ಕಿ ರಕ್ತವೂ ಬಂತು. ಚರ್ಮರೋಗ ತಜ್ಞೆ ಬ್ಲೇಡಿನಿಂದ ಮೇಲ್ಮಟ್ಟಕ್ಕೆ ಹೆರೆದು ತೆಗೆದು ಬಯಾಪ್ಸಿಗೆ ಕಳುಹಿಸಿದರು. ಹೊಲಿಗೆ ಹಾಕಲಿಲ್ಲ. ವರದಿಯಲ್ಲಿ ‘ಕಾಂಪೌಂಡ್ ನೀವಸ್, ಕ್ಯಾನ್ಸರಿನ ಲಕ್ಷಣವಿಲ್ಲ, ಆಳದ ಅಂಚಿನಲ್ಲಿ ಮಚ್ಚೆಯ ಕೋಶಗಳಿವೆ’ ಎಂದಿತ್ತು. ಕಾಂಪೌಂಡ್ ನೀವಸ್ ಅಂದರೆ ಸಾಧಾರಣ ಮಚ್ಚೆಯ ಒಂದು ಬಗೆಯಂತೆ.

ಮೂರು ತಿಂಗಳಾಯಿತು. ನಸುಗೆಂಪು ಕಲೆಯ ನಡುವೆ ಈಗ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಎದ್ದಿದೆ. ಸುತ್ತಲಿನ ಚರ್ಮ ಮಸಿ ಹಿಡಿದಂತೆ ಕಪ್ಪಾಗಿದೆ, ಆಗಾಗ ತುರಿಕೆ. ‘ಮಚ್ಚೆಗೆ ಕತ್ತಿ ತಾಗಿಸಬಾರದು, ಕೆರಳುತ್ತದೆ’ ಎಂದು ಅತ್ತೆ ಮೊದಲೇ ಹೇಳಿದ್ದರು. ಈಗ ಏನೂ ಹೇಳುತ್ತಿಲ್ಲ. ನನಗೆ ಅದೇ ಹೆಚ್ಚಿನ ಹೆದರಿಕೆ. ದಿನವೂ ರಾತ್ರಿ ಮಗಳಿಂದ ಫೋಟೋ ತೆಗೆಸುತ್ತೇನೆ, ಪ್ರತಿ ಫೋಟೋದಲ್ಲೂ ಬೇರೆಯಾಗಿ ಕಾಣುತ್ತದೆ. ಮುಂದಿನ ಭೇಟಿಗೆ ಇನ್ನೂ ಮೂರು ವಾರವಿದೆ. ಮಚ್ಚೆ ತೆಗೆಸಿಕೊಂಡವರಿದ್ದರೆ, ನಿಮಗೆ ಏನೇನಾಯಿತು ಎಂದು ಹೇಳುವಿರಾ?

ಧಾರವಾಡದ ನಿವೃತ್ತ ಶಿಕ್ಷಕ

ತಂಗಿ, ನೀವು ಬರೆದದ್ದರಲ್ಲಿ ಅರ್ಧ ನನ್ನದೇ ಕಥೆ. ನನ್ನದು ಕುತ್ತಿಗೆಯ ಹಿಂಭಾಗ, ಕಾಲರ್ ತಾಗುವ ಜಾಗ. ಅದನ್ನೂ ಹೆರೆದೇ ತೆಗೆದರು. ನಾಲ್ಕನೆಯ ತಿಂಗಳಲ್ಲಿ ಕ್ಷೌರ ಮಾಡುವಾತ ಕನ್ನಡಿ ಹಿಡಿದು, ‘ಸರ್, ಇಲ್ಲಿ ಮತ್ತೆ ಏನೋ ಕಪ್ಪಗಾಗಿದೆ’ ಎಂದ. ಆ ರಾತ್ರಿ ನಿದ್ದೆ ಬರಲಿಲ್ಲ. ತಜ್ಞರು ಡರ್ಮಟೋಸ್ಕೋಪ್ ಇಟ್ಟು ನೋಡಿದರು. ದೀಪ ಜೋಡಿಸಿದ ಭೂತಗನ್ನಡಿ ಎಂದುಕೊಳ್ಳಿ. ಹೆರೆದಾಗ ಮೇಲಿನ ಭಾಗ ಮಾತ್ರ ಹೋಗುತ್ತದೆ, ಆಳದಲ್ಲಿ ಉಳಿದ ಬಣ್ಣದ ಕೋಶಗಳು ಗಾಯ ಮಾಯುವಾಗ ಮತ್ತೆ ಮೇಲೆ ಬರುತ್ತವೆ, ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಎಂದು ವಿವರಿಸಿದರು. ಗರಿಕೆಯನ್ನು ಕುಡುಗೋಲಿನಿಂದ ಸವರಿದರೆ ಬೇರು ಸಾಯುತ್ತದೆಯೇ? ನಿಮ್ಮ ವರದಿಯ ‘ಅಂಚಿನಲ್ಲಿ ಕೋಶಗಳಿವೆ’ ಎಂಬುದಕ್ಕೂ ಇದೇ ಅರ್ಥವಿರಬೇಕು.

ಆದರೆ ಒಂದು ತೊಡಕಿದೆ. ಹೀಗೆ ಮರುಕಳಿಸಿದ ಮಚ್ಚೆ ಸೂಕ್ಷ್ಮದರ್ಶಕದಲ್ಲಿ ಮೆಲನೋಮ ಎಂಬ ಕ್ಯಾನ್ಸರಿನಂತೆಯೇ ಕಾಣಬಹುದಂತೆ. ಕಾರ್ನ್‌ಬರ್ಗ್ ಮತ್ತು ಆಕರ್‌ಮನ್ ಎಂಬ ವೈದ್ಯರು 1975ರಲ್ಲಿ ಇದಕ್ಕೆ ‘ಸ್ಯೂಡೋಮೆಲನೋಮ’, ಅಂದರೆ ಹುಸಿ ಮೆಲನೋಮ ಎಂದೇ ಹೆಸರಿಟ್ಟರು. ಅದಕ್ಕಾಗಿಯೇ ಎರಡನೆಯ ಸಲ ತೆಗೆಯುವಾಗ ನನ್ನನ್ನು ಮೊದಲು ಕೇಳಿದ್ದು ಹಳೆಯ ವರದಿಯನ್ನು. ಮನೆಯೆಲ್ಲ ತಡಕಾಡಿದೆ. ವಿದ್ಯುತ್ ಬಿಲ್ಲಿನ ಕಂತೆಯಲ್ಲಿಲ್ಲ, ಮದುವೆ ಆಮಂತ್ರಣಗಳ ಚೀಲದಲ್ಲೂ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಅಂಕಪಟ್ಟಿ ಜೋಪಾನ’ ಎಂದು ಹೇಳಿಕೊಂಡು ಬಂದವನು ನಾನು! ಕೊನೆಗೆ ಮೊದಲ ಪ್ರಯೋಗಾಲಯಕ್ಕೆ ಎರಡು ಸಲ ಅಲೆದು ನಕಲು ತಂದೆ. ಅದನ್ನು ಜೊತೆಗಿಟ್ಟು ಕಳುಹಿಸಿದ ತುಣುಕಿಗೆ ‘ಮರುಕಳಿಸಿದ ಸಾಧಾರಣ ಮಚ್ಚೆ’ ಎಂದು ಉತ್ತರ ಬಂತು. ಆ ನಕಲು ಇಲ್ಲದೆ ಹೋಗಿದ್ದರೆ ಏನು ಬರೆಯುತ್ತಿದ್ದರೋ ಏನೋ. ನಿಮ್ಮ ವರದಿ ಈಗ ಎಲ್ಲಿದೆ, ನೋಡಿಕೊಂಡಿರಾ?

ಮಂಗಳೂರಿನಿಂದ

ನನ್ನದು ಬಣ್ಣದ ಕಥೆಯಲ್ಲ, ಉಬ್ಬಿನ ಕಥೆ. ಎದೆಯ ನಡುವೆ ಕರಿಮಣಿ ತಾಗುವ ಜಾಗದ ಮಚ್ಚೆ ತೆಗೆಸಿದೆ. ಹೊಲಿಗೆ ಬಿಚ್ಚಿದಾಗ ಗೀರಿನಂತಿದ್ದ ಕಲೆ ಮೂರು ತಿಂಗಳಲ್ಲಿ ಹುಣಸೆ ಬೀಜದಷ್ಟಾಯಿತು: ಗಟ್ಟಿ, ಹೊಳಪು, ವಿಪರೀತ ತುರಿಕೆ. ಗಡ್ಡೆ ಮರಳಿತೆಂದೇ ತಿಳಿದೆ. ಅದು ಕೀಲಾಯ್ಡ್. ಗಾಯದ ಗಡಿ ದಾಟಿ ಬೆಳೆಯುವುದು ಅದರ ಗುಣವಂತೆ. ಗಡಿಯೊಳಗೇ ಉಬ್ಬಿ ನಿಂತದ್ದು ಬೇರೆ, ಕಾಲಕ್ರಮೇಣ ತಾನೇ ತಗ್ಗಬಹುದು. ಎದೆ, ಭುಜ, ಬೆನ್ನಿನ ಮೇಲ್ಭಾಗ, ಕಿವಿಹಾಲೆಗಳಲ್ಲಿ ಇದು ಹೆಚ್ಚು, ನಮ್ಮಂಥ ಕಂದು ಮೈಬಣ್ಣದವರಲ್ಲಂತೂ ಇನ್ನೂ ಹೆಚ್ಚು. ಅಮ್ಮನಿಗೆ ಕಿವಿ ಚುಚ್ಚಿಸಿದ ಕಡೆ ಗುಂಡು ಎದ್ದಿತ್ತು. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕಿತ್ತು. ಮಚ್ಚೆಗೂ ಅಮ್ಮನ ಕಿವಿಗೂ ಏನು ಸಂಬಂಧ ಎಂದುಕೊಂಡು ಸುಮ್ಮನಿದ್ದೆ.

ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ಉಬ್ಬಿನೊಳಕ್ಕೇ ತಿಂಗಳಿಗೊಂದರಂತೆ ಐದು ಸಲ ಕೊಟ್ಟರು. ನೋವನ್ನು ಹೆರಿಗೆಗೆ ಹೋಲಿಸಲಾರೆ, ಆದರೆ ಬೈಗುಳ ತುಟಿಯವರೆಗೆ ಬಂದದ್ದು ನಿಜ. ಸಿಲಿಕಾನ್ ಹಾಳೆ ಅಂಟಿಸಿಕೊಳ್ಳಿ ಎಂದರು. ಮೇ ತಿಂಗಳ ನಮ್ಮೂರಿನ ಸೆಕೆಯಲ್ಲಿ ಅದು ಹತ್ತು ನಿಮಿಷವೂ ನಿಲ್ಲಲಿಲ್ಲ, ಜೆಲ್ ಹಚ್ಚಿದೆ. ಈಗ ತಗ್ಗಿದೆ, ಪೂರ್ತಿ ಹೋಗಿಲ್ಲ. ನಿಮ್ಮ ಕಲೆಯ ಸುತ್ತ ಆಗಿರುವ ಕಪ್ಪು, ಮೊಡವೆ ಒಣಗಿದ ಮೇಲೆ ಉಳಿಯುತ್ತದಲ್ಲ, ಅಂಥದ್ದೇ ಇರಬಹುದು. ನನಗೆ ಅದು ಮಾಸಲು ಎಂಟು ತಿಂಗಳು ಹಿಡಿಯಿತು. ಕರಿಮಣಿಯನ್ನು ಬೆರಳುದ್ದ ಇಳಿಸಿದೆ, ನೀವು ರವಿಕೆಯ ಬೆನ್ನನ್ನು ಕೊಂಚ ಇಳಿಸಿ ಹೊಲಿಸಿಕೊಳ್ಳಿ.

ತುಮಕೂರಿನಿಂದ

ತುರಿಕೆ ಎಂದಿರಲ್ಲ, ಏನು ಹಚ್ಚುತ್ತಿದ್ದೀರಿ? ನನಗೆ ಗಾಯದ ಸುತ್ತ ಅಳತೆ ಹಿಡಿದು ಗೆರೆ ಎಳೆದಂತೆ ಚೌಕಾಕಾರದಲ್ಲಿ ಕೆಂಪು ದದ್ದು ಎದ್ದಿತು. ಪ್ಲಾಸ್ಟರಿನ ಅಂಟು ಒಂದು ಕಾರಣ, ನಿಯೋಮೈಸಿನ್ ಇರುವ ಆಂಟಿಬಯಾಟಿಕ್ ಮುಲಾಮು ಇನ್ನೊಂದು; ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಸೋಂಕು ಎಂದುಕೊಂಡು ನಾನು ಅದನ್ನೇ ಇನ್ನಷ್ಟು ಮೆತ್ತುತ್ತಿದ್ದೆ. ಬಿಟ್ಟು, ಬರೀ ಸೋಪು ನೀರಿನಲ್ಲಿ ತೊಳೆದು ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ವಾರದಲ್ಲಿ ದದ್ದು ಹೋಯಿತು.

ಬ್ರಿಸ್ಬೇನ್‌ನಿಂದ

ಚರ್ಮದ ಕ್ಯಾನ್ಸರ್ ಅತಿ ಹೆಚ್ಚು ಕಾಣಿಸಿಕೊಳ್ಳುವ ದೇಶ ಈ ಆಸ್ಟ್ರೇಲಿಯಾ. ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿದುಕೊಳ್ಳಿ, ಟೋಪಿ ಹಾಕಿ ಎಂಬ ಪ್ರಚಾರ 1981ರಿಂದಲೂ ನಡೆದಿದೆ. ಇಲ್ಲಿ ಮಚ್ಚೆ ತೋರಿಸಲು ಹೋಗುವುದು ಹಲ್ಲು ತೋರಿಸಿದಷ್ಟೇ ಸಹಜ. ನನ್ನ ತೋಳಿನ ಮಚ್ಚೆಯೊಂದನ್ನು ಪೂರ್ತಿ ಕತ್ತರಿಸಿ ಹೊಲಿದರು. ಏಳನೆಯ ವಾರ ಕಲೆಯ ತುದಿಯಲ್ಲಿ ಮೊಡವೆಯಂಥದ್ದು ಎದ್ದು ಒಡೆಯಿತು. ಬೆವರಿಳಿಸಿಕೊಂಡು ಓಡಿದೆ. ವೈದ್ಯೆ ಚಿಮಟದಿಂದ ಹೊರಗೆಳೆದದ್ದು ದಾರದ ತುಣುಕು! ಒಳಗೇ ಕರಗಬೇಕಾದ ಹೊಲಿಗೆಯನ್ನು ದೇಹ ಹೊರಕ್ಕೆ ತಳ್ಳಿತ್ತು.

ಅಕ್ಕಾ, ರಾತ್ರಿಯ ಫೋಟೋ ಬಿಟ್ಟುಬಿಡಿ. ಕೊಠಡಿಯ ದೀಪದಲ್ಲಿ ಮೊಬೈಲ್ ತನಗೆ ತೋಚಿದ ಬಣ್ಣ ತುಂಬುತ್ತದೆ. ತಿಂಗಳಿಗೊಮ್ಮೆ, ಹಗಲಿನಲ್ಲಿ, ಅದೇ ಕಿಟಕಿಯ ಬಳಿ, ಪಕ್ಕದಲ್ಲಿ ಮಕ್ಕಳ ಅಳತೆಪಟ್ಟಿ ಇಟ್ಟು ತೆಗೆಸಿ. ಇನ್ನೊಂದು ಮಾತು. ಮೊದಲ ತಪಾಸಣೆಯಲ್ಲಿ ವೈದ್ಯೆ ನನ್ನ ಕಾಲುಚೀಲ ಬಿಚ್ಚಿಸಿದರು. ನಮ್ಮಂಥ ಮೈಬಣ್ಣದವರಿಗೆ ಮೆಲನೋಮ ಬರುವುದು ಕಡಿಮೆ, ಬಂದರೆ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯನ್ನೂ ಬಿಡುವುದಿಲ್ಲ ಎಂದರು.

ಹಾಸನ ಜಿಲ್ಲೆಯಿಂದ

ಅಂಗಾಲಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಅಪ್ಪನ ಹಿಮ್ಮಡಿಯ ಬಳಿ ಕಪ್ಪು ಮಚ್ಚೆ ಇತ್ತು. ಮುಳ್ಳು ಚುಚ್ಚಿದ ಕಲೆ ಎಂದು ವರ್ಷ ಕಳೆದೆವು. ಕೊನೆಗೆ ತೋರಿಸಿದಾಗ 4 ಮಿಲಿಮೀಟರಿನ ಪಂಚ್, ಅಂದರೆ ಕೊಳವೆಯಂಥ ದುಂಡು ಬ್ಲೇಡು, ಹಾಕಿ ಚೂರು ತೆಗೆದರು. ‘ತೆಗೆದರಲ್ಲ, ಮುಗಿಯಿತು’ ಎಂದರು ಅಪ್ಪ. ತೆಗೆದದ್ದು ಪರೀಕ್ಷೆಗೆ ಬೇಕಾದಷ್ಟು ಮಾತ್ರ, ಮಚ್ಚೆ ಅಲ್ಲೇ ಇದೆ ಎಂಬುದು ನಮಗೂ ಹೊಳೆಯಲಿಲ್ಲ. ರಾಗಿ ಕೊಯ್ಲಿನ ಕಾಲ, ವರದಿ ತರಲು ಯಾರೂ ಹೋಗಲಿಲ್ಲ. ಗಾಯ ಕೂಡಲಿಲ್ಲ, ಕಪ್ಪು ಅದರಾಚೆ ಒಂದೇ ಕಡೆಗೆ ಚಾಚತೊಡಗಿತು. ಆಗ ಹೋದರೆ, ಮೆಲನೋಮ ಎಂಬ ವರದಿ ಬಂದು ಏಳು ವಾರವಾಗಿತ್ತು. ತಪ್ಪು ಆಸ್ಪತ್ರೆಯದಲ್ಲ, ನಮ್ಮದು.

ಬೆಂಗಳೂರಿನಲ್ಲಿ ಸುತ್ತಲೂ ಅಗಲವಾಗಿ ತೆಗೆದು ತೊಡೆಯ ಚರ್ಮ ತಂದು ಹಾಕಿದರು. ತೊಡೆಸಂದಿನ ದುಗ್ಧಗ್ರಂಥಿಯನ್ನು ಪರೀಕ್ಷಿಸಿದರು, ಪುಣ್ಯಕ್ಕೆ ಅಲ್ಲಿಗೆ ಹರಡಿರಲಿಲ್ಲ. ನಾಲ್ಕು ವರ್ಷವಾಯಿತು, ಹೊಲಕ್ಕೆ ಹೋಗುತ್ತಾರೆ, ಚಪ್ಪಲಿ ಹಾಕಿ ಎಂದರೆ ಈಗಲೂ ಗೊಣಗುತ್ತಾರೆ. ಅಕ್ಕಾ, ನಿಮ್ಮ ವರದಿ ಒಳ್ಳೆಯದೇ ಬಂದಿದೆ. ಆದರೂ ಚುಕ್ಕೆ ಕಲೆಯ ಗೆರೆ ದಾಟಿ ಹೊರಗೆ ಹರಡಿದರೆ, ಒಂದೇ ಚುಕ್ಕೆಯಲ್ಲಿ ಎರಡು ಮೂರು ಬಣ್ಣ ಕಂಡರೆ, ರಕ್ತ ಬಂದರೆ, ಮೂರು ವಾರ ಕಾಯಬೇಡಿ. ಫೋನ್ ಮಾಡಿ ಬೇಗ ನೋಡಿ ಎಂದು ಕೇಳಿ. ಕೇಳುವುದಕ್ಕೆ ನಾವು ನಾಚಿಕೊಂಡೆವು.

ಮೈಸೂರಿನ ಪ್ರಯೋಗಾಲಯ ತಂತ್ರಜ್ಞೆ

ನಿಮ್ಮ ತುಣುಕು, ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ತುಂಬಿದ ಡಬ್ಬಿಯಲ್ಲಿ ನಮ್ಮ ಮೇಜಿಗೆ ಬರುತ್ತದೆ. ಅದರ ಕತ್ತರಿಸಿದ ಅಂಚಿಗೆ ಶಾಯಿ ಬಳಿಯುತ್ತೇವೆ, ಮೇಣದಲ್ಲಿ ಅಚ್ಚು ಹಾಕುತ್ತೇವೆ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಸೀಳಿ ನೇರಳೆ ಮತ್ತು ಗುಲಾಬಿ ಬಣ್ಣ ಕೊಡುತ್ತೇವೆ. ಮಚ್ಚೆಯ ಕೋಶಗಳು ಆ ಶಾಯಿಯವರೆಗೆ ಕಂಡರೆ ‘ಅಂಚಿನಲ್ಲಿವೆ’ ಎಂದು ಡಾಕ್ಟರು ಬರೆಯುತ್ತಾರೆ. ಸಾಧಾರಣ ಮಚ್ಚೆಗೆ ಅದು ಬರೀ ಲೆಕ್ಕದ ಮಾತು. ಅನುಮಾನದ ಮಚ್ಚೆಯಾದರೆ ಮಾತ್ರ ಅದೇ ಸಾಲಿಗೆ ತೂಕ ಬೇರೆ. ವರದಿಯ ಬಗ್ಗೆ ಸಮಾಧಾನವಾಗದಿದ್ದರೆ ಸ್ಲೈಡುಗಳನ್ನು ಕೇಳಿ ಪಡೆದು ಇನ್ನೊಬ್ಬರಿಗೆ ತೋರಿಸಬಹುದು. ಮೇಣದ ಅಚ್ಚನ್ನು ವರ್ಷಗಟ್ಟಲೆ ಇಟ್ಟಿರುತ್ತೇವೆ, ಮತ್ತೆ ಕತ್ತರಿ ಹಾಕಿಸಿಕೊಳ್ಳಬೇಕಿಲ್ಲ.

ನಿಮ್ಮ ಅತ್ತೆಯವರ ಮಾತನ್ನು ನಮ್ಮ ಮನೆಯಲ್ಲೂ ಕೇಳಿದ್ದೇನೆ. ಕತ್ತಿ ತಾಗಿ ಮಚ್ಚೆ ಕ್ಯಾನ್ಸರ್ ಆಗುವುದಿಲ್ಲ. ಮೊದಲೇ ಆಗಿದ್ದುದು ಕತ್ತರಿಸಿದಾಗ ಗೊತ್ತಾಗುತ್ತದೆ, ಕೆಟ್ಟ ಹೆಸರು ಕತ್ತಿಗೆ. ನನಗೆ ಸಿಟ್ಟು ಬರುವುದು ಬೇರೆಯದಕ್ಕೆ: ಮಚ್ಚೆಯನ್ನು ಪಾರ್ಲರಿನಲ್ಲಿ ಸುಡಿಸುವುದು, ಮನೆಯಲ್ಲಿ ಸುಣ್ಣ ಮತ್ತು ಸೋಡಾ ಮೆತ್ತಿ ಉದುರಿಸುವುದು. ಸುಟ್ಟ ಮೇಲೆ ನಮ್ಮ ಡಬ್ಬಿಗೆ ಹಾಕಲು ಏನೂ ಉಳಿಯುವುದಿಲ್ಲ. ಮುಂದೆ ಆ ಜಾಗದಲ್ಲಿ ಬಣ್ಣ ಮರಳಿದರೆ, ಮೊದಲು ಅಲ್ಲಿ ಏನಿತ್ತು ಎಂದು ಹೇಳಬಲ್ಲವರೇ ಇರುವುದಿಲ್ಲ. ನಿಮಗೆ ಆ ಕಾಗದವಾದರೂ ಇದೆ.

ಶಿವಮೊಗ್ಗದಿಂದ, ಹದಿನೈದು ದಿನಗಳ ನಂತರ

ಹಾಸನದವರ ಮಾತು ಓದಿದ ಮರುದಿನವೇ ಫೋನ್ ಮಾಡಿದೆ. ಸೋಮವಾರ ಬನ್ನಿ ಎಂದರು. ಡರ್ಮಟೋಸ್ಕೋಪಿನಲ್ಲಿ ನೋಡಿ ಅಳೆದರು: 2 ಮಿಲಿಮೀಟರ್, ಪೂರ್ತಿ ಕಲೆಯ ಒಳಗೇ ಇದೆ, ಬಣ್ಣವೂ ಒಂದೇ ಸಮ. ಈಗಲೇ ಆಳವಾಗಿ ತೆಗೆಯಬಹುದು, ಆದರೆ ಬೆನ್ನಿನ ಹೊಲಿಗೆ ಉಬ್ಬುವ ಸಂಭವವಿದೆ, ಮೂರು ತಿಂಗಳು ಕಾದು ನೋಡಲೂಬಹುದು ಎಂದರು. ಮನೆಯಲ್ಲಿ ಯಾರಿಗಾದರೂ ಗಾಯದ ಕಲೆ ಉಬ್ಬಿದ್ದುಂಟೇ ಎಂದು ಅವರೇ ಕೇಳಿದರು, ಮಂಗಳೂರಿನವರು ನೆನಪಾದರು. ಕಾಯುತ್ತೇನೆ ಎಂದು ಹೇಳಿ ಬಂದೆ. ತುಮಕೂರಿನವರೇ, ನಾನು ಹಚ್ಚುತ್ತಿದ್ದುದೂ ಅದೇ ಬಗೆಯ ಮುಲಾಮು. ನಿಲ್ಲಿಸಿದ್ದೇನೆ, ತುರಿಕೆ ಇಳಿದಿದೆ.

ಮೇಷ್ಟ್ರೇ, ವರದಿ ಸಿಕ್ಕಿತು, ಪಡಿತರ ಚೀಟಿಯ ಜೊತೆಗಿತ್ತು. ಎರಡು ನಕಲು ಮಾಡಿಸಿದ್ದೇನೆ. ಮಗಳಿಗೆ ರಾತ್ರಿ ಪಾಳಿಯಿಂದ ಬಿಡುಗಡೆಯಾಗಿದೆ.

ಇದೆಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂಗೈ ಮುಂದೆ ಚಾಚಿ, ‘ಹಾಗಾದರೆ ಇದೊಂದು ನೋಡು’ ಎಂದರು. ಅಡಿಕೆ ಚೊಗರಿನ ಕಲೆ. ಆದರೂ ನಾಲ್ಕು ದಿನ ತಿಕ್ಕಿ ತೊಳೆಸಿದೆ, ಮಾಸಿತು.